ದಾಸವಾಳದ ಗಿಡಕ್ಕೆ ಎಷ್ಟು?

ದೇವದುರ್ಗ
10 ಜೂನ್ 2024

ಚಿರಂಜೀವಿ ಕಾವ್ಯಾಳಿಗೆ,

ನಿನ್ನ ಸೋದರಮಾವ ಮಲ್ಲಯ್ಯ ಮಾಡುವ ಆಶೀರ್ವಾದಗಳು. ನಾನೂ ನಿನ್ನ ಅತ್ತೆ ಶರಣಮ್ಮನೂ ಚೆನ್ನಾಗಿದ್ದೇವೆ. ನರ್ಸರಿಯ ಗಿಡಗಳು ನಮಗಿಂತ ಚೆನ್ನಾಗಿವೆ.

ಫೋನ್ ಮಾಡದೆ ಪತ್ರ ಬರೆದನಲ್ಲ ಎಂದು ನಗಬೇಡ. ಫೋನಿನಲ್ಲಿ ನಾನು ಮಾತಾಡುವಾಗ ನೀನೂ ಮಾತಾಡುತ್ತೀ. ಪತ್ರದಲ್ಲಿ ಆ ಕಾಟ ಇಲ್ಲ. ಹೇಗೂ ಕಂಡಕ್ಟರ್ ಜಿಲಾನಿ ಪಾಷಾನ ಬಸ್ಸಿನಲ್ಲಿ ಗಿಡದ ಬುಟ್ಟಿ ರಾಯಚೂರಿಗೆ ಬರುತ್ತದೆ, ಪತ್ರವೂ ಅದರಲ್ಲೇ ಕೂತು ಬರುತ್ತದೆ.

ನೀನು ಬೀಜದ ಅಂಗಡಿಯ ಕೆಲಸ ಬಿಟ್ಟು, ಮನೆಗಳ ಮುಂದೆ ಸಣ್ಣ ಕೈತೋಟ ಮಾಡಿಕೊಡಲು ಶುರು ಮಾಡಿದೆ ಎಂದು ಕೇಳಿ ನನ್ನ ಎದೆ ಎರಡು ಇಂಚು ಅಗಲವಾಯಿತು. ನಿಮ್ಮವ್ವ ಮಾತ್ರ, "ದೀಪಾವಳಿ ತನಕ ನೋಡತೀನಿ, ಆಗಲಿಲ್ಲಂದ್ರ ಸುಮ್ನ ರೈಸ್ ಮಿಲ್ಲಿನಾಗ ಬಿಲ್ ಬರಿಯಾಕ ಕುಂದ್ರು" ಎಂದು ಗಡುವು ಕೊಟ್ಟಿದ್ದಾಳಂತೆ. ನನ್ನ ತಂಗಿ ಚಿಕ್ಕಂದಿನಿಂದಲೂ ಹಾಗೆಯೇ, ಬೀಜ ಹಾಕಿದ ಮರುದಿನವೇ ಮಣ್ಣು ಕೆದಕಿ ಮೊಳಕೆ ಬಂತಾ ಎಂದು ನೋಡುವವಳು.

ಸಿರವಾರದಲ್ಲಿ ಉದಯಕುಮಾರ ಎನ್ನುವವರ ಹೊಸ ಮನೆಯ ಅಂಗಳ ಸಿಕ್ಕಿದೆ, ಎಷ್ಟು ಹೇಳಲಿ ಎಂದು ಕೇಳಿದ್ದೀ. ಕೇಳಬೇಕಾದವನನ್ನೇ ಕೇಳಿದ್ದೀ. ದೇವದುರ್ಗದಲ್ಲಿ ಮೂವತ್ತು ವರ್ಷದಿಂದ ಯಾವ ಬಂಗಲೆಯ ಮುಂದೆ ಹೂವು ಅರಳಿದ್ದರೂ ಅದಕ್ಕೆ ಮೊದಲು ನೀರು ಹಾಕಿದ್ದು ಈ ಕೈ.

ಮೊದಲು ಚಹಾ ನೋಡು. ಸ್ಟೀಲಿನ ಲೋಟದಲ್ಲಿ ಬಂದರೆ ಸಾಧಾರಣ ಮನೆ. ಕಪ್ಪು ಬಸಿಯಲ್ಲಿ ಬಂದರೆ ಅನುಕೂಲಸ್ಥರು. ಜೊತೆಗೆ ಬಿಸ್ಕೀಟು ಬಂದರೆ ಶ್ರೀಮಂತರು. ಚಹಾ ಬರಲೇ ಇಲ್ಲ ಎಂದರೆ ಬಹಳ ದೊಡ್ಡ ಶ್ರೀಮಂತರು.

ಇನ್ನು ದರದ ಮಾತು. ದರ ಹೇಳಲೇಬಾರದು. ಅವರು "ಎಷ್ಟಾಗ್ತದ?" ಎಂದರೆ ನೀನು "ತಿಳದು ಕೊಡ್ರಿ" ಎನ್ನಬೇಕು, ಅಷ್ಟೇ. ದರ ಹೇಳಿದರೆ ಅವರು ಅರ್ಧಕ್ಕೆ ಇಳಿಸುತ್ತಾರೆ. ಹೇಳದಿದ್ದರೆ ಏನನ್ನು ಇಳಿಸುತ್ತಾರೆ? ತಮ್ಮ ಮಾನವನ್ನೇ ಇಳಿಸಬೇಕು. ಒಬ್ಬ ದೊಡ್ಡ ಸಾಹೇಬರಿಗೆ ನಾನು ಹೀಗೆ ಅಂದಾಗ ಫ್ಯಾನಿನ ಕೆಳಗೆ ಕೂತಿದ್ದವರು ಬೆವರಿಬಿಟ್ಟರು. ಏನು ಕೊಟ್ಟರು ಎನ್ನುವುದು ಇಲ್ಲಿ ಮುಖ್ಯವಲ್ಲ.

ಇಪ್ಪತ್ತು ದಾಸವಾಳ, ಹದಿನೈದು ಕ್ರೋಟನ್ ಕಳಿಸಿದ್ದೇನೆ. ದುಡ್ಡಿನ ಮಾತೆತ್ತಿದರೆ ನಿನಗೂ ನನಗೂ ಜಗಳ.

ನಿನ್ನ ಮಾವ,
ಮಲ್ಲಯ್ಯ (ಏಳನೇ ತರಗತಿ, ಎರಡು ವರ್ಷ)

*

ರಾಯಚೂರು
2 ಜುಲೈ 2024

ಪ್ರೀತಿಯ ಮಾವನಿಗೆ,

ನಮಸ್ಕಾರ. ಸಿರವಾರದ ಅಂಗಳ ಮುಗಿಯಿತು. ನೀನು ಹೇಳಿದ ಹಾಗೆಯೇ ಮಾಡಿದೆ. ಚಹಾ ಕಪ್ಪು ಬಸಿಯಲ್ಲಿ ಬಂತು, ಬಿಸ್ಕೀಟೂ ಬಂತು, ನನ್ನ ಧೈರ್ಯವೂ ಬಂತು. "ಎಷ್ಟಾಗ್ತದವಾ?" ಎಂದು ಉದಯಕುಮಾರ ಅವರು ಕೇಳಿದಾಗ ನೆಲ ನೋಡುತ್ತಾ "ತಿಳದು ಕೊಡ್ರಿ" ಅಂದೆ. ಅವರು ನನ್ನ ತಲೆ ಸವರಿ, "ಎಂಥಾ ಸಂಸ್ಕಾರ!" ಅಂದರು.

ಗೃಹಪ್ರವೇಶದ ದಿನ ತಿಳಿದು ಕೊಟ್ಟರು.

ಮೈಕಿನಲ್ಲಿ ನನ್ನ ಹೆಸರು ಕರೆದರು. ವೇದಿಕೆ ಹತ್ತಿಸಿ ಕುರ್ಚಿಯಲ್ಲಿ ಕೂಡಿಸಿ ಶಾಲು ಹೊದಿಸಿದರು. ಕೊರಳಿಗೆ ಹಾರ, ಕೈಯಲ್ಲಿ ತೆಂಗಿನಕಾಯಿ, ಒಂದು ಡಜನ್ ಬಾಳೆಹಣ್ಣು. "ಈ ನಮ್ಮ ಮಗಳು ಒಂದು ರೂಪಾಯಿ ಆಸಿ ಪಡದ, ಬರೇ ಪ್ರೀತಿಲೆ ಈ ತೋಟ ಮಾಡ್ಯಾಳ" ಎಂದರು. ಜನ ಚಪ್ಪಾಳೆ ಹೊಡೆದರು. ಮಣ್ಣು ತಂದಿದ್ದ ಟ್ರ್ಯಾಕ್ಟರಿನ ಯಮನೂರಪ್ಪನೂ ಹೊಡೆದ. ಹೊಡೆದು, ನಾನು ವೇದಿಕೆ ಇಳಿಯುವ ಮೆಟ್ಟಿಲ ಹತ್ತಿರವೇ ಬಂದು ನಿಂತ. "ಅಕ್ಕಾ, ಎರಡು ಟ್ರಿಪ್ಪಿಂದು ಬಾಕಿ ಅದರಿ. ನನಗ ಶಾಲು ಬ್ಯಾಡ" ಅಂದ.

ಬೀಜದ ಅಂಗಡಿಯಲ್ಲಿ ಉಳಿಸಿದ್ದರಲ್ಲಿ ಅವನಿಗೂ ಇಬ್ಬರು ಆಳುಗಳಿಗೂ ಕೊಟ್ಟೆ. ಹಾರ ಹಾಕಿಕೊಂಡೇ ಕೊಟ್ಟೆ. ಅವ್ವ ಶಾಲು ಮಡಚಿ ಪೆಟ್ಟಿಗೆಯಲ್ಲಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ನಿನ್ನ,
ಕಾವ್ಯಾ

*

ದೇವದುರ್ಗ
11 ಜುಲೈ 2024

ಚಿರಂಜೀವಿ ಕಾವ್ಯಾಳಿಗೆ,

ಪತ್ರ ಓದಿ ಬಹಳ ಹೆಮ್ಮೆಯಾಯಿತು. ಮೊದಲನೇ ಕೆಲಸಕ್ಕೇ ಸನ್ಮಾನ! ನನಗೆ ಮೊದಲನೇ ಶಾಲು ಬರಲು ಆರು ವರ್ಷ ಹಿಡಿದಿತ್ತು.

ತಪ್ಪು ನನ್ನ ಉಪಾಯದ್ದಲ್ಲ, ನಿನ್ನ ದನಿಯದ್ದು. ನೆಲ ನೋಡುತ್ತಾ ಹೇಳಿದೆ ಎಂದು ನೀನೇ ಬರೆದಿದ್ದೀ. ನೆಲ ನೋಡಿದರೆ ಅವರು ಅದನ್ನು ಭಕ್ತಿ ಎಂದು ತಿಳಿಯುತ್ತಾರೆ. "ತಿಳದು ಕೊಡ್ರಿ" ಎನ್ನುವಾಗ ಕಣ್ಣು ಅವರ ಅಂಗಿಯ ಜೇಬಿನ ಮೇಲೆ ಇರಬೇಕು. "ತಿಳದು" ಮೆಲ್ಲಗೆ, "ಕೊಡ್ರಿ" ಗಟ್ಟಿಯಾಗಿ. ನಮ್ಮ ಬೇವಿನ ಗಿಡದ ಮುಂದೆ ನಿಂತು ನಾನೇ ಹತ್ತು ಸಲ ಹೇಳಿ ನೋಡಿದೆ. ಅತ್ತೆ ಒಳಗಿನಿಂದ, "ಗಿಡದ ಕೂಡ ಏನ್ ರೊಕ್ಕ ಕೇಳಾಕತ್ತೀರಿ?" ಎಂದಳು. ಅವಳಿಗೆ ವ್ಯಾಪಾರ ತಿಳಿಯದು.

ಯಮನೂರಪ್ಪ ವೇದಿಕೆಯ ಹತ್ತಿರ ರೊಕ್ಕ ಕೇಳಬಾರದಿತ್ತು. ಹಳೆಯ ಕಾಲದ ಟ್ರ್ಯಾಕ್ಟರಿನವರು ಹಾಗಿರಲಿಲ್ಲ.

ಈ ಸಲ ಪಾರಿಜಾತ ಎರಡು, ನಂದಿಬಟ್ಟಲು ಆರು, ಮತ್ತೆ ದಾಸವಾಳ. ಸುಮ್ಮನೆ ತೆಗೆದುಕೋ.

ನಿನ್ನ ಅನುಭವಿ ಮಾವ,
ಮಲ್ಲಯ್ಯ

*

ರಾಯಚೂರು
20 ಆಗಸ್ಟ್ 2024

ಪ್ರೀತಿಯ ಮಾವನಿಗೆ,

ಮಾನ್ವಿಯಲ್ಲಿ ಒಂದು ಕೆಲಸ ಬರುವ ಹಾಗಿದೆ. ವಿಬುಧೇಂದ್ರ ಎಂದು ನಿವೃತ್ತ ಗಣಿತದ ಮೇಷ್ಟ್ರು. ಮನೆಯ ಮುಂದೆ ತುಳಸಿ ಕಟ್ಟೆ, ಸುತ್ತ ಪೂಜೆಗೆ ಆಗುವ ಹೂವಿನ ಗಿಡ, ನಡೆದಾಡಲು ಕಲ್ಲಿನ ದಾರಿ, ಒಂದು ಪಕ್ಕ ಹುಲ್ಲು. ಅವರ ಓಣಿಯಲ್ಲಿ ಇನ್ನೂ ಮೂರು ಹೊಸ ಮನೆಗಳಿವೆ. ಮೇಷ್ಟ್ರ ಅಂಗಳ ನೋಡಿಕೊಂಡು ತಮ್ಮದೂ ಮಾಡಿಸುತ್ತಾರಂತೆ. ಈ ನಾಲ್ಕು ಸಿಕ್ಕರೆ ಅವ್ವನ ಮುಂದೆ ನಿಂತು ಮಾತಾಡಬಹುದು. ಸಿಗದಿದ್ದರೆ ಮಿಲ್ಲಿನ ಕುರ್ಚಿ ಕಾಯುತ್ತಿದೆ.

"ತಿಳದು ಕೊಡ್ರಿ" ಅಂದೆ, ಜೇಬನ್ನೇ ನೋಡುತ್ತಾ. ಅವರು ಮೈಮೇಲೆ ಅಂಗಿಯನ್ನೇ ಹಾಕಿರಲಿಲ್ಲ, ಬರಿ ಉತ್ತರೀಯ. "ತಿಳದು ಕೊಡ್ಲಿಕ್ಕೆ ನನಗೇನು ತಿಳೀತದಮ್ಮಾ? ನಿನಗ ತಿಳಿದದ್ದು ಕಾಗದದ ಮ್ಯಾಲೆ ಬರಿ" ಎಂದರು.

ಕೂತು ಬರೆದೆ. ಕೆಂಪು ಮಣ್ಣು ಎರಡು ಟ್ರಿಪ್, ತಿಪ್ಪೆಗೊಬ್ಬರ, ಕಲ್ಲು, ಹುಲ್ಲು ಚದರಡಿಗೆ ಇಷ್ಟು, ಇಬ್ಬರು ಆಳು ಮೂರು ದಿನ. ಅವರು ಕೆಂಪು ಪೆನ್ನು ತೆಗೆದು ಒಂದು ಕಡೆ ಸುತ್ತು ಹಾಕಿದರು.

"ಗಿಡ ನಲವತ್ತು ಅಂತ ಬರ್ದೀದಿ. ದರ ಸೊನ್ನಿ ಯಾಕ?"

"ಗಿಡ ನಮ್ಮ ಮಾವ ಸುಮ್ನ ಕಳಸ್ತಾನ್ರೀ ಸರ್."

"ಹಂಗಾದ್ರ ನನ್ನ ತೋಟ ಮಾಡಾವ ನಿಮ್ಮ ಮಾವ. ನೀ ಯಾರು?"

ಅವರು ಮತ್ತೆ ಹೇಳಿದರು: "ನಾಲ್ಕು ಮನೀಗೂ ಸುಮ್ನ ಕಳಸ್ತಾರೇನು? ಹತ್ತು ಮನೀಗೆ? ಅವರಿಗೊಂದಿನ ಕೈ ಸೋತರ ನಿನ್ನ ಧಂದೆ ಅವತ್ತೇ ಬಂದ್. ಇದು ದರಪಟ್ಟಿ ಅಲ್ಲಮ್ಮಾ, ತಪ್ಪು ಲೆಕ್ಕ. ತಿದ್ದಿಕೊಂಡು ಮಹಾನವಮಿ ಒಳಗ ಬಾ. ಇಲ್ಲಂದ್ರ ರಾಯಚೂರಿನ ಕಾಂಟ್ರಾಕ್ಟರ್ ಒಬ್ಬ ಇದ್ದಾನ."

ಮಾವ, ಅವರು ಹೇಳಿದ್ದು ನಿಜ. ಸಿರವಾರದಲ್ಲಿ ನನಗೆ ಎಷ್ಟು ಹೋಯಿತು ಎಂದು ಲೆಕ್ಕ ಹಾಕುವಾಗಲೂ ನಿನ್ನ ಗಿಡಗಳನ್ನು ಬಿಟ್ಟೇ ಹಾಕಿದ್ದೆ. ದಾಸವಾಳದ ಗಿಡಕ್ಕೆ ಎಷ್ಟು? ಕ್ರೋಟನ್, ಪಾರಿಜಾತ, ನಂದಿಬಟ್ಟಲು? ಒಂದೊಂದಕ್ಕೂ ಬರೆದು ಕಳಿಸು. ನಾನು ಕೊಟ್ಟೇ ಒಯ್ಯುತ್ತೇನೆ.

ನಿನ್ನ,
ಕಾವ್ಯಾ

*

ದೇವದುರ್ಗ
29 ಆಗಸ್ಟ್ 2024

ಚಿರಂಜೀವಿ ಕಾವ್ಯಾಳಿಗೆ,

ಗಣಿತದ ಮೇಷ್ಟ್ರುಗಳನ್ನು ನಾನು ಏಳನೇ ತರಗತಿಯಲ್ಲಿ ಎರಡು ವರ್ಷ ಹತ್ತಿರದಿಂದ ನೋಡಿದ್ದೇನೆ. ಅವರಿಗೆ ಸೊನ್ನೆ ಕಂಡರೆ ಆಗುವುದಿಲ್ಲ, ಆದರೆ ನನಗೆ ಹಾಕುವಾಗ ಮಾತ್ರ ಧಾರಾಳ.

ದಾಸವಾಳದ ಗಿಡಕ್ಕೆ ಎಷ್ಟು ಎಂದು ಕೇಳಿದ್ದೀ. ದಾಸವಾಳ ಎಂದರೆ ಸಾಮಾನ್ಯ ಗಿಡ ಎಂದುಕೊಂಡೆಯಾ? ಅದರ ಕಡ್ಡಿಯನ್ನು ಓರೆಯಾಗಿ ಕತ್ತರಿಸಬೇಕು. ನೆರಳಿನಲ್ಲಿ ನೆಡಬೇಕು. ರಾಯಚೂರಿನ ಬಿಸಿಲಿಗೆ ಒಗ್ಗಲೆಂದು ಕೊನೆಯ ಹದಿನೈದು ದಿನ ಮೆಲ್ಲಮೆಲ್ಲನೆ ಬಿಸಿಲಿಗೆ ಸರಿಸಬೇಕು, ಹಸುಗೂಸನ್ನು ಎಣ್ಣೆ ನೀರಿಗೆ ಇಳಿಸಿದ ಹಾಗೆ. ಇದನ್ನು ಈ ಜಿಲ್ಲೆಯಲ್ಲಿ ನನ್ನಷ್ಟು ಚೆನ್ನಾಗಿ ಮಾಡುವವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬನ ಹೆಸರು ನೆನಪಾಗುತ್ತಿಲ್ಲ.

ಇಂಥ ಗಿಡಕ್ಕೆ ತಂಗಿಯ ಮಗಳಿಂದ ದುಡ್ಡು ತೆಗೆದುಕೊಂಡೆ ಎಂದು ನಾಳೆ ಜನ ಆಡಿಕೊಳ್ಳುವುದು ಬೇಡ. ಮೇಷ್ಟ್ರಿಗೆ ಬೇಕಾದರೆ ಒಂದು ರೂಪಾಯಿ ಎಂದು ಬರೆದುಕೊಡು. ಸೊನ್ನೆ ಹೋಯಿತಲ್ಲ?

ಅಂದಹಾಗೆ ನಮ್ಮಲ್ಲಿ ಒಳ್ಳೆಯ ಮಳೆ. ಬಾವಿಯಲ್ಲಿ ನೀರು ಮೇಲೆ ಬಂದಿದೆ. ಬುಟ್ಟಿಯಲ್ಲಿ ನಲವತ್ತು ಗಿಡ ಇವೆ.

ನಿನ್ನ ಮಾವ,
ಮಲ್ಲಯ್ಯ

*

ರಾಯಚೂರು
1 ಸೆಪ್ಟೆಂಬರ್ 2024

ಮಾವನಿಗೆ,

ಎರಡು ಪುಟ ಬರೆದಿದ್ದೀ. ಒಂದು ದರವೂ ಇಲ್ಲ.

ಬುಟ್ಟಿಯನ್ನು ಇವತ್ತಿನ ಬಸ್ಸಿಗೇ ವಾಪಸ್ ಹಾಕಿದ್ದೇನೆ. ಜಿಲಾನಿ ಪಾಷಾ ಅಣ್ಣ, "ತಂದದ್ದನ್ನೇ ಒಯ್ಯೋದಂದ್ರ ಹ್ಯಾಂಗವಾ? ಮಲ್ಲಯ್ಯನ ಮಾರಿ ನಾ ಹ್ಯಾಂಗ ನೋಡ್ಲಿ?" ಎಂದು ಗೊಣಗಿದರು. ನಲವತ್ತೂ ಗಿಡ ಚೆನ್ನಾಗಿದ್ದವು. ವಾಪಸ್ ಇಡುವಾಗ ನನಗೂ ಕಷ್ಟವಾಯಿತು.

ಇಲ್ಲಿಯ ಒಂದು ನರ್ಸರಿಯಲ್ಲಿ ದಾಸವಾಳಕ್ಕೆ ನೂರಿಪ್ಪತ್ತು ಹೇಳುತ್ತಾರೆ. ಎಲೆ ಹಳದಿಯಾಗಿದೆ. ಆದರೂ ಹೇಳುತ್ತಾರೆ. ಆ ದರ ಹಾಕಿದರೆ ಕೆಲಸ ಕಾಂಟ್ರಾಕ್ಟರಿಗೆ ಹೋಗುತ್ತದೆ. ಸೊನ್ನೆ ಹಾಕಿದರೆ ಮೇಷ್ಟ್ರು ಕಾಗದ ಮುಟ್ಟುವುದಿಲ್ಲ. ಒಂದು ರೂಪಾಯಿ ಹಾಕಿದರೆ ಸುಳ್ಳು ಬರೆದ ಹಾಗೆ.

ನೀನು ದರ ಬರೆಯುವವರೆಗೆ ಗಿಡ ಕಳಿಸಬೇಡ.

ಕಾವ್ಯಾ

*

ದೇವದುರ್ಗ
16 ಸೆಪ್ಟೆಂಬರ್ 2024

ಕಾವ್ಯಾಗೆ ನಿನ್ನ ಅತ್ತೆ ಶರಣಮ್ಮ ಬರೆಯುವುದು.

ಬುಟ್ಟಿ ವಾಪಸ್ ಬಂದಾಗಿನಿಂದ ಇವರ ಮಾತು ನಿಂತಿದೆ. ಮದುವೆಯಾದ ಮೇಲೆ ಇಷ್ಟು ಶಾಂತಿಯನ್ನು ನಾನು ನೋಡಿರಲಿಲ್ಲ. ಮೊದಲ ದಿನ ಹಿತವಾಗಿತ್ತು. ಈಗ ಹೆದರಿಕೆಯಾಗುತ್ತದೆ.

ನಿನಗೆ ಒಂದು ವಿಷಯ ಗೊತ್ತಿರಲಿ. ನಿಮ್ಮ ಮಾವನಿಗೆ ದರ ಹೇಳಲು ಬರುವುದಿಲ್ಲ. ಉಪಾಯವೂ ಅಲ್ಲ, ದೊಡ್ಡತನವೂ ಅಲ್ಲ, ಬರುವುದಿಲ್ಲ. ಗಿರಾಕಿ "ಎಷ್ಟು?" ಅಂದ ಕೂಡಲೇ ಇವರು ಹೋಗಿ ನಲ್ಲಿ ತಿರುಗಿಸುತ್ತಾರೆ. ಮಳೆಯಲ್ಲೂ ತಿರುಗಿಸುತ್ತಾರೆ. ಬಂದವರು ತಿಳಿದು ಕೊಟ್ಟಿದ್ದು ಏನೆಂದರೆ ಹನ್ನೊಂದು ಶಾಲು, ಎರಡು ಗೋಡೆ ಗಡಿಯಾರ, ಒಂದು ಸಲ ಕುರಿಮರಿ. ಸಂತೆಯ ದಿನ ಇವರನ್ನು ಗೊಬ್ಬರ ತರಲು ಕಳಿಸಿ ನಾನೇ ಕುರ್ಚಿ ಹಾಕಿಕೊಂಡು ಕೂತು, ದರ ಹೇಳಿ ಗಿಡ ಮಾರುತ್ತೇನೆ. ನಮ್ಮ ಮನೆ ನಡೆದದ್ದು ಆ ಒಂದೊಂದು ದಿನದ ಮೇಲೆ. ಇವರಿಗೆ ಗೊತ್ತಿಲ್ಲ ಎಂದು ನಾನು ತಿಳಿದಿದ್ದೇನೆ. ಗೊತ್ತಿದೆ ಎಂದು ನನಗೆ ಗೊತ್ತಿಲ್ಲ ಎಂದು ಅವರು ತಿಳಿದಿದ್ದಾರೆ.

ಯಾಕೆ ಹೀಗೆ ಎಂದು ಮದುವೆಯಾದ ಹೊಸದರಲ್ಲಿ ಒಂದು ಸಲ ಕೇಳಿದ್ದೆ. ಒಂದು ತಾಸು ಮಾತಾಡಿದರು, ಎಲ್ಲ ಬೇರೆ ವಿಷಯ. ಆಮೇಲೆ ಕೇಳಲಿಲ್ಲ.

ನಾನು ಏನು ದರಕ್ಕೆ ಮಾರುತ್ತೇನೆ ಎಂದು ಈ ಪತ್ರದಲ್ಲೇ ಬರೆದುಬಿಡಬಹುದಿತ್ತು. ಬರೆಯುವುದಿಲ್ಲ. ನೀನು ಕೇಳಿದ್ದು ಅವರನ್ನು. ಮೂರು ದಿನದಿಂದ ನೋಟ್‌ಬುಕ್ ಹಿಡಿದು ಬೇವಿನ ಕೆಳಗೆ ಕೂತಿದ್ದಾರೆ. "ಏನ್ ಬರಿಯಾಕತ್ತೀರಿ?" ಅಂದರೆ, "ಹಾಳಿ ಸರಿ ಇಲ್ಲ" ಅಂತ ಹರಿಯುತ್ತಾರೆ. ನೀನು ಸೋಲಬೇಡ. ಗಿಡ ಕಳಿಸು ಎಂದು ಮರುಗಿ ಬರೆದೀಯೆ, ಜೋಕೆ.

ಶರಣಮ್ಮ

*

ದೇವದುರ್ಗ
27 ಸೆಪ್ಟೆಂಬರ್ 2024

ಚಿರಂಜೀವಿ ಕಾವ್ಯಾಳಿಗೆ,

ಇಷ್ಟು ದಿನ ಬರೆಯಲಿಲ್ಲ, ಯಾಕೆಂದರೆ ಪೆನ್ನು ಸರಿ ಇರಲಿಲ್ಲ. ಕೆಳಗೆ ಅಕ್ಷರ ನಡುಗಿದಂತೆ ಕಂಡರೆ ಅದೂ ಪೆನ್ನಿನ ದೋಷವೇ.

ದಾಸವಾಳ, ಒಂದಕ್ಕೆ ಮೂವತ್ತು ರೂಪಾಯಿ.

ಬರೆದೆ. ಬರೆದು ಎದ್ದು ಹೋಗಿ ಒಂದು ಚೊಂಬು ನೀರು ಕುಡಿದು ಬಂದೆ. ಇನ್ನೂ ಹಾಗೆಯೇ ಇದೆ, ಯಾರೂ ಬಂದು ಬೈಯಲಿಲ್ಲ.

ಕ್ರೋಟನ್ ಇಪ್ಪತ್ತೈದು. ನಂದಿಬಟ್ಟಲು ಮೂವತ್ತೈದು. ಪಾರಿಜಾತ ಅರವತ್ತು, ಯಾಕೆಂದರೆ ಅದನ್ನು ಎರಡು ವರ್ಷ ಸಾಕಿದ್ದೇನೆ, ಇದರಲ್ಲಿ ಮಾತಿಲ್ಲ. ತುಳಸಿಗೆ ದರ ಬರೆಯಲು ಕೈ ಬರುವುದಿಲ್ಲ. ಅದನ್ನು ಮಾತ್ರ ಮೇಷ್ಟ್ರ ಮನೆಗೆ ನಾನು ಕೊಟ್ಟೆ ಎಂದು ಹೇಳು. ಒಂದು ಸೊನ್ನೆ ಅವರೂ ಸಹಿಸಿಕೊಳ್ಳಲಿ.

ಇಷ್ಟು ಬರೆದ ಮೇಲೆ ಧೈರ್ಯ ಬಂದಿದೆ, ಆದ್ದರಿಂದ ಇನ್ನೂ ಹೇಳುತ್ತೇನೆ. ಹತ್ತು ಗಿಡಕ್ಕೆ ಒಂದು ಸಾಯುತ್ತದೆ. ಎಷ್ಟೇ ಚೆನ್ನಾಗಿ ನೆಟ್ಟರೂ ಸಾಯುತ್ತದೆ. ಅದನ್ನು ಬದಲಿಸಿಕೊಡುವ ಖರ್ಚನ್ನು ಮೊದಲೇ ಸೇರಿಸು. ಮಾನ್ವಿಯದು ಎರೆಮಣ್ಣಾದರೆ ಅಗೆಯಲು ಮೂರು ದಿನ ಸಾಲದು, ನಾಲ್ಕು ಬರೆ. ನೆಟ್ಟ ಮೇಲೆ ಎಂಟನೇ ದಿನ, ಇಪ್ಪತ್ತನೇ ದಿನ, ನಲವತ್ತನೇ ದಿನ ಹೋಗಿ ನೋಡಬೇಕು. ನೀನು ಕರೆಯದಿದ್ದರೂ ಗಿಡ ಕರೆಯುತ್ತದೆ. ಆ ಬಸ್ ಚಾರ್ಜು ಯಾರು ಕೊಡುತ್ತಾರೆ? ಅದನ್ನೂ ಬರೆ. ಬೇಸಿಗೆಯಲ್ಲಿ ಹುಲ್ಲು ಒಣಗಿದರೆ ನನ್ನ ಜವಾಬ್ದಾರಿ ಅಲ್ಲ ಎಂದೂ ಬರೆ. ನಮ್ಮ ಬಿಸಿಲಿಗೆ ಗ್ಯಾರಂಟಿ ಕೊಡುವವನು ಸುಳ್ಳ.

ಇದೆಲ್ಲ ನನಗೆ ಮೂವತ್ತು ವರ್ಷದಿಂದ ಗೊತ್ತಿತ್ತು. ಹೇಳಲು ಯಾರೂ ಕೇಳಿರಲಿಲ್ಲ. ಕೇಳಿದವರಿಗೆ ಹೇಳಿರಲಿಲ್ಲ ಎಂದು ನಿನ್ನ ಅತ್ತೆ ಪಕ್ಕದಿಂದ ತಿದ್ದುತ್ತಿದ್ದಾಳೆ.

ಬುಟ್ಟಿ ಈಗಲೇ ಕಳಿಸುವುದಿಲ್ಲ. ನೀನು ಆರ್ಡರ್ ಕೊಟ್ಟ ಮೇಲೆ ಕಳಿಸುತ್ತೇನೆ. ವ್ಯವಹಾರ ಅಂದರೆ ವ್ಯವಹಾರ.

ಇಂತಿ,
ಮಲ್ಲಯ್ಯ, ನರ್ಸರಿ ಮಾಲೀಕರು

*

ರಾಯಚೂರು
24 ಅಕ್ಟೋಬರ್ 2024

ನರ್ಸರಿ ಮಾಲೀಕರಾದ ನನ್ನ ಮಾವನಿಗೆ,

ಕೆಲಸ ಸಿಕ್ಕಿ, ಶುರುವಾಗಿ, ನಿನ್ನೆಗೆ ಮುಗಿಯಿತು ಕೂಡ. ಎರೆಮಣ್ಣೇ ಇತ್ತು, ನಾಲ್ಕು ದಿನವೇ ಹಿಡಿಯಿತು.

ಮೊದಲಿನಿಂದ ಹೇಳುತ್ತೇನೆ. ಮಹಾನವಮಿಗೆ ಎರಡು ದಿನ ಮುಂಚೆ ಹೊಸ ದರಪಟ್ಟಿ ಒಯ್ದೆ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಒಂದೊಂದು ಸಾಲನ್ನೂ ಓದಿದರು. ಸಾಯುವ ಗಿಡದ ಸಾಲು ಬಂದಾಗ, "ಇದನ್ನ ಯಾರು ಹೇಳಿಕೊಟ್ರು?" ಎಂದರು. "ನಮ್ಮ ಮಾವ" ಅಂದೆ. "ಭಾಳ ಓದಿದವರೇನು?" ಎಂದರು. ಏಳನೇ ತರಗತಿ ಎರಡು ವರ್ಷ ಎಂದು ಹೇಳಿದೆ. "ಹಂಗಾದ್ರ ಪಾಠ ಪಕ್ಕಾ ಆಗೇದ" ಎಂದರು.

ಆಮೇಲೆ ಕೆಂಪು ಪೆನ್ನು ಮತ್ತೆ ಹೊರಗೆ ಬಂತು.

"ತುಳಸಿದು ಬಿಟ್ಟು ಇನ್ನೊಂದು ಸೊನ್ನಿ ಅದ. ಹೋದ ಸಲನೂ ಇತ್ತು. ನೀನs ಹುಡುಕ್ತೀ ಅಂತ ಸುಮ್ಮನಿದ್ದೆ."

ಎರಡು ಸಲ ಓದಿದರೂ ನನಗೆ ಕಾಣಲಿಲ್ಲ.

"ಆಳಿಗೆ ಕೂಲಿ ಬರ್ದಿ, ಗಿಡಕ್ಕ ಬರ್ದಿ, ಬಸ್ಸಿಗೆ ಬರ್ದಿ. ಕಾವ್ಯಾ ಅನ್ನಾಕಿಗೆ ಎಲ್ಲೆ ಬರ್ದೀದಿ?"

ಅವರ ಜಗಲಿಯ ಮೇಲೆಯೇ ಕೂತು ನನ್ನ ಕೂಲಿ ಬರೆದೆ. ಮಾವ, ನಿನ್ನ ಪೆನ್ನಿಗೆ ಆದದ್ದೇ ನನ್ನ ಪೆನ್ನಿಗೂ ಆಯಿತು. ಬರೆದು ತಲೆ ಎತ್ತಿ ನೋಡಿದರೆ ಅವರು ಆಗಲೇ ಒಳಗೆ ಹೋಗಿ ಅರ್ಧ ಮುಂಗಡ ತಂದು ನಿಂತಿದ್ದರು. ಚೌಕಾಸಿ ಮಾಡಲಿಲ್ಲ. "ಉತ್ತರ ಸರಿ ಇದ್ದ ಮ್ಯಾಲೆ ಅಂಕ ಕಡಿಮಿ ಮಾಡಬಾರದು" ಎಂದರು.

ಓಣಿಯ ಎರಡು ಮನೆಯವರು ದರಪಟ್ಟಿ ಕೇಳಿದ್ದಾರೆ. ಮೂರನೆಯವರು ಇನ್ನೂ ಬೇಲಿಯ ಆಚೆಯಿಂದ ನೋಡುತ್ತಿದ್ದಾರೆ. ಅವ್ವನಿಗೆ ಕಾಗದ ತೋರಿಸಿದೆ. ನನ್ನ ಕೂಲಿಯ ಸಾಲಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ಮಿಲ್ಲಿನವರಿಗೆ ಫೋನ್ ಮಾಡಿ, "ನಮ್ಮ ಹುಡುಗಿಗೆ ಪುರಸೊತ್ತಿಲ್ಲರಿ, ಬ್ಯಾರೆ ಯಾರನ್ನರ ನೋಡ್ಕೋರಿ" ಎಂದಳು. ದೀಪಾವಳಿಗೆ ಇನ್ನೂ ಒಂದು ವಾರ ಇರುವಾಗಲೇ.

ಗಿಡದ ದುಡ್ಡು ಒಂದು ಸಾವಿರದ ನೂರ ತೊಂಬತ್ತು ರೂಪಾಯಿ ಜಿಲಾನಿ ಪಾಷಾ ಅಣ್ಣನ ಕೈಯಲ್ಲಿ ಲಕೋಟೆಯಲ್ಲಿದೆ. ತೆಗೆದುಕೋ. ವಾಪಸ್ ಕಳಿಸಿದರೆ ಬುಟ್ಟಿಯ ಕಥೆ ನೆನಪಿರಲಿ.

ನಿನ್ನ ಗಿರಾಕಿ,
ಕಾವ್ಯಾ

*

ದೇವದುರ್ಗ
9 ನವೆಂಬರ್ 2024

ಚಿರಂಜೀವಿ ಕಾವ್ಯಾಳಿಗೆ,

ದುಡ್ಡು ಮುಟ್ಟಿತು. ಜಿಲಾನಿ ಪಾಷಾನ ಮುಂದೆಯೇ ಎಣಿಸಿದೆ. ಅವನು ಇಡೀ ಬಸ್ಸು ನಿಲ್ಲಿಸಿಕೊಂಡು ನೋಡಿದ.

ಈಗ ನಡೆದದ್ದು ಹೇಳುತ್ತೇನೆ, ಕೂತು ಓದು. ಮೊನ್ನೆ ಹಿರೇಕೊಟ್ನೆಕಲ್ಲಿನಿಂದ ಒಬ್ಬ ಗೌಡರು ಜೀಪಿನಲ್ಲಿ ಬಂದರು. ಹೊಸ ಮನೆಗೆ ಐವತ್ತು ದಾಸವಾಳ ಬೇಕಂತೆ. ನಿನ್ನ ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅವಳ ಕೈ ನಿಂತದ್ದು ಹೊರಗಿದ್ದ ನನಗೂ ಕೇಳಿಸಿತು.

"ಎಷ್ಟ್ರಿ ಒಂದಕ್ಕ?" ಎಂದರು ಗೌಡರು.

ನಲ್ಲಿ ನನ್ನಿಂದ ಎರಡು ಮಾರು ದೂರದಲ್ಲಿತ್ತು. ನಾನು ಹೋಗಲಿಲ್ಲ. ಐವತ್ತು ಗಿಡವನ್ನು ಹಿರೇಕೊಟ್ನೆಕಲ್ಲಿಗೆ ಮುಟ್ಟಿಸುವುದೂ ನನ್ನದೇ ಎಂದು ಲೆಕ್ಕ ಹಾಕಿ, ಬಾಯಿ ಬಿಟ್ಟು, ಗಟ್ಟಿಯಾಗಿ, "ನಲವತ್ತು" ಅಂದೆ. ನನ್ನ ಧ್ವನಿಯಲ್ಲಿ ಆ ಪದ ಎಷ್ಟು ಚೆನ್ನಾಗಿ ಕೇಳಿಸುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಆದರೆ ಗೌಡರು ಅಷ್ಟಕ್ಕೆ ಬಿಡಲಿಲ್ಲ. "ಅಷ್ಟ್ಯಾಕ್ರಿ, ಸ್ವಲ್ಪ ನೋಡಿ ಹೇಳ್ರಿ" ಎಂದರು.

ಇದನ್ನು ನೀನೂ ಹೇಳಿಕೊಟ್ಟಿರಲಿಲ್ಲ, ನಿನ್ನ ಮೇಷ್ಟ್ರೂ ಹೇಳಿಕೊಟ್ಟಿರಲಿಲ್ಲ. ಒಂದು ದರ ಹೇಳುವುದನ್ನಷ್ಟೇ ನಾನು ಅಭ್ಯಾಸ ಮಾಡಿದ್ದೆ. ಇನ್ನೊಂದನ್ನು ಹೇಳಬೇಕಾಗುತ್ತದೆ ಎಂದು ಯಾರಿಗೆ ಗೊತ್ತು? ಗಾಬರಿಯಲ್ಲಿ ಗಿಡವನ್ನು ಒಂದು ಸಲ ಸರಿಯಾಗಿ ನೋಡಿದೆ. ಎಲೆ ಹಸಿರಾಗಿ ಹೊಳೆಯುತ್ತಿತ್ತು, ಮೂರು ಮೊಗ್ಗು ಬಿಟ್ಟಿತ್ತು. ನೋಡಿ ಹೇಳ್ರಿ ಎಂದಿದ್ದರಲ್ಲ, ನೋಡಿದೆ, ಹೇಳಿದೆ:

"ನಲವತ್ತೈದು."

ಗೌಡರು ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಒಳಗೆ ಶರಣಮ್ಮ ಕೆಮ್ಮಿದಳು. ನಾನು ಮತ್ತೆ ಬಾಯಿ ತೆಗೆಯಬೇಕು ಎನ್ನುವಷ್ಟರಲ್ಲಿ ಗೌಡರು ಎರಡೂ ಕೈ ಎತ್ತಿ, "ಸಾಕ್ರಿ ಯಪ್ಪಾ, ನಲವತ್ತೈದಕ್ಕs ಮುಗಿಸ್ರಿ, ಮುಂದ ಮಾತಾಡಬ್ಯಾಡ್ರಿ" ಎಂದು ಅಲ್ಲೇ ಎಣಿಸಿ ಕೊಟ್ಟುಬಿಟ್ಟರು.

ನಿನ್ನ,
ಮಲ್ಲಯ್ಯ ಮಾವ
(ದಾಸವಾಳಕ್ಕೆ: ನಿನಗೆ ಮೂವತ್ತು. ಚೌಕಾಸಿ ಮಾಡುವವರಿಗೆ ನಲವತ್ತೈದು.)